ಎಂಟನೇ ಹಲ್ಲಿ

ಜನವರಿ 9

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ನಿನ್ನ ತಮ್ಮನಿಗೆ ಕೆಲಸ ಸಿಕ್ಕಿದೆ, ಅಷ್ಟೇ. ಟೀವಿಗೆ ಧಾರಾವಾಹಿ ಮಾಡುವ ಕಂಪನಿಯಲ್ಲಿ ಬರಹಗಾರ. ಮೇಜಿನ ಮೇಲೆ ನಕ್ಷೆ ಹಾಸಿ, ದಾಳ ಎಸೆದು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುತ್ತಿದ್ದೆವಲ್ಲ, ಅಂಥದೇ ಒಂದು ಆಟದ ಲೋಕವನ್ನು ಹಿಡಿದು ಹತ್ತು ಕಂತಿನ ಕಥೆ ಮಾಡುತ್ತಿದ್ದಾರೆ. ಯಾರದೋ ಆಟ, ಅಂಗಡಿಯಲ್ಲಿ ಡಬ್ಬದಲ್ಲಿ ಸಿಗುವಂಥದು. ಇಂಥ ಮೇಜಿನ ಮುಂದೆ ಕೂತೇ ಬೆಳೆದವನು ಎಂದಿದ್ದಕ್ಕೆ ನನ್ನನ್ನು ತೆಗೆದುಕೊಂಡರು.

ಫೋನ್ ಯಾಕೆ ಮಾಡುತ್ತಿಲ್ಲ ಎಂದು ಬೈಯಬೇಡ. ವಾಸ ಕಂಪನಿಯ ವಸತಿಯಲ್ಲೇ. ಕಥೆಯ ವಿಷಯ ಫೋನಿನಲ್ಲಾಗಲಿ ಮೇಲ್‌ನಲ್ಲಾಗಲಿ ಯಾರ ಹತ್ತಿರವೂ ಎತ್ತಬಾರದೆಂದು ಕರಾರು. ಹದಿನಾಲ್ಕು ಪುಟ ಇದೆ, ಎರಡು ಸಲ ಓದಿದೆ. ಅಂಚೆ ಕಾಗದದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಬಹುಶಃ ಈಗ ಯಾರೂ ಕಾಗದ ಬರೆಯುವುದಿಲ್ಲವೆಂದು ಮರೆತಿದ್ದಾರೆ.

ನಾವು ಬರೆಯುವ ಕೋಣೆಗೆ ಕಿಟಕಿಯಿಲ್ಲ. ನಾಲ್ಕು ಗೋಡೆಗೂ ಮೊಳೆ ಚುಚ್ಚುವ ಹಲಗೆ, ಒಂದೊಂದು ದೃಶ್ಯಕ್ಕೆ ಒಂದೊಂದು ಚೀಟಿ. ನಿರ್ಮಾಪಕಿ ಮೇಡಂ ದಿನಕ್ಕೆ ಎರಡು ಸಲ ಬಂದು ಚೀಟಿಗಳನ್ನೆಲ್ಲ ಓದಿ ತಲೆ ಅಲ್ಲಾಡಿಸುತ್ತಾರೆ. ನಿನ್ನೆ ಹೇಳಿದರು: "ಲೋಕ ಏನೋ ಚೆನ್ನಾಗಿದೆ ಕಣ್ರಿ, ಕಥೆ ಎಲ್ಲಿ? ಎಲ್ಲರೂ ಎಲ್ಲಾ ಕಡೆ ಓಡಾಡ್ತಾನೇ ಇದಾರೆ. ನಂಗೆ ಒಬ್ಬ ಹೀರೋ ಬೇಕು, ಅವನಿಗೊಂದು ಸಂಕಟ ಬೇಕು." ಮೇಜಿನ ಆಟದಲ್ಲಿ ಮುಂದೇನೆಂದು ದಾಳ ಹೇಳುತ್ತದೆ. ಇಲ್ಲಿ ಮೇಡಂ ಹೇಳುತ್ತಾರೆ.

ನಿನಗೆ ಒಂದು ಸಂತೋಷದ ಸುದ್ದಿ. ಲ ಮತ್ತು ಳ ತಪ್ಪು ಮಾಡುತ್ತಿದ್ದ ನಿನ್ನ ತಮ್ಮನನ್ನೇ ಇಲ್ಲಿ ಎಲ್ಲರ ಬರಹ ತಿದ್ದುವುದಕ್ಕೆ ಕೂರಿಸಿದ್ದಾರೆ.

ಸುಮ್ಮನೆ ಹಳೆಯದೆಲ್ಲ ನೆನಪಾಗುತ್ತಿದೆ. ನಮ್ಮ ಆಟದಲ್ಲಿ ಉಪ್ಪಿನ ಸೇತುವೆ ದಾಟಲು ಕಾವಲುಗಾರ ಏನು ಸುಂಕ ಕೇಳುತ್ತಿದ್ದ? ಗಿರಣಿಯಲ್ಲಿ ಏನು ಬೀಸುತ್ತಿದ್ದರು? ಬಿಡುವಾದಾಗ ಬರಿ.

ನಿನ್ನ ಇಲಿ

&nbsp;

ಜನವರಿ 20

ಇಲಿ,

ಕಾಗದದ ಮೇಲೆ ಬಿಳಿ ಪುಡಿ ಕಂಡರೆ ಅದು ಪ್ಲಾಸ್ಟರು, ಹೆದರಬೇಡ. ಈ ವಾರ ನಾಲ್ಕು ಹಲ್ಲಿನ ಸೆಟ್ಟು ಮುಗಿಸಿ ಕೊಡಬೇಕು, ಅದರ ನಡುವೆ ಬರೆಯುತ್ತಿದ್ದೇನೆ.

ಕೆಲಸ ಸಿಕ್ಕಿದ್ದು ಖುಷಿ. ಆದರೆ "ಸುಮ್ಮನೆ ನೆನಪಾಯಿತು" ಎಂದು ಬರೆದಿದ್ದೀಯಲ್ಲ, ಸುಮ್ಮನೆ ನೆನಪಾಗುವ ಜಾತಿಯವನಲ್ಲ ನೀನು. ನಾನು ಹುಟ್ಟಿದ ದಿನ ಯಾವುದೆಂದು ಕೇಳಿದರೆ ಇವತ್ತಿಗೂ ಕ್ಯಾಲೆಂಡರ್ ನೋಡುತ್ತೀಯ. ಆಗಲಿ, ಕೇಳಿದ್ದಕ್ಕೆ ಹೇಳುತ್ತೇನೆ. ಕಾವಲುಗಾರನ ಸುಂಕ, ಅದುವರೆಗೆ ಯಾರಿಗೂ ಹೇಳದ ಒಂದು ಮಾತು. ಗಿರಣಿಯಲ್ಲಿ ಬೀಸುತ್ತಿದ್ದದ್ದು ಕಲ್ಲುಪ್ಪು. ಸೇತುವೆ ದಿನಾ ಕರಗುತ್ತದೆ, ದಿನಾ ಉಪ್ಪು ಸುರಿಯಬೇಕು.

ಅಷ್ಟು ನೆನಪಿಲ್ಲದವನಿಗೆ ಇದಾದರೂ ನೆನಪಿದೆಯಾ? ನಿನಗೆ ಎಂಟು ವರ್ಷ, ನನಗೆ ಹದಿನಾಲ್ಕು. ನಕ್ಷೆಯ ನಡುವೆ "ಏಳು ಹಳ್ಳಿ" ಎಂದು ಬರಿ ಎಂದೆ. ನೀನು ನಾಲಿಗೆ ಹೊರಗೆ ಹಾಕಿಕೊಂಡು, ಇಂಕಿನಲ್ಲಿ, ದೊಡ್ಡದಾಗಿ "ಏಳು ಹಲ್ಲಿ" ಎಂದು ಬರೆದೆ. ಪಕ್ಕದ ಮನೆಯ ಅವಳಿ ಹುಡುಗಿಯರು ಬಿದ್ದು ಬಿದ್ದು ನಕ್ಕರು, ನೀನು ಅಳುವುದಕ್ಕೆ ಶುರು ಮಾಡಿದೆ. ನಕ್ಷೆಯಲ್ಲಿ ಬರೆದದ್ದು ನಿಜ, ಅಳಿಸುವ ಹಾಗಿಲ್ಲ ಎಂದು ನಾನು ಆ ಗಳಿಗೆಯಲ್ಲೇ ನಿಯಮ ಮಾಡಿದೆ. ಅವತ್ತಿನಿಂದ ಆ ನಾಡಿನಲ್ಲಿ ಒಂದೂ ಹಳ್ಳಿ ಇಲ್ಲ, ಏಳು ಹಲ್ಲಿಗಳ ರಾಜ್ಯ. ನಾನು ಹಲ್ಲು ಕೆಲಸಕ್ಕೆ ಸೇರಿದ ಮೇಲೂ ಹಲ್ಲಿ ಬಿಡಲಿಲ್ಲ ನೋಡು.

ಭಾನುವಾರದ ಆಟ ಈಗಲೂ ಅದೇ ಮೇಜಿನ ಮೇಲೆ ನಡೆಯುತ್ತಿದೆ. ಔಷಧಿ ಅಂಗಡಿಯವರು, ಬಸ್ ಕಂಡಕ್ಟರು, ಸಂಗೀತದ ಟೀಚರು ಬರುತ್ತಾರೆ. ದಾಳಗಳು ನಾನೇ ಮಾಡಿದ್ದು, ಸೆಟ್ಟಿನ ಒಸಡಿಗೆ ಹಾಕುವ ಗುಲಾಬಿ ಬಣ್ಣದ ಪುಡಿ ಉಳಿದಿತ್ತು. ಮೇಜು ಹಾಗೇ ಕುಂಟುತ್ತದೆ, ಒಂದು ಕಾಲಿಗೆ ರಟ್ಟು ಕೊಟ್ಟಿದ್ದೇನೆ.

ಒಂದು ವಿಷಯ. ಟ್ರಂಕಿನಲ್ಲಿದ್ದ ಹಳೆಯ ನಕ್ಷೆ ಕಾಣುತ್ತಿಲ್ಲ. ಡಿಸೆಂಬರಿನಲ್ಲಿ ಬಂದಾಗ ನೀನು ತೆಗೆದೆಯಾ?

ಅಕ್ಕ

&nbsp;

ಫೆಬ್ರವರಿ 12

ಅಕ್ಕಾ,

ತಡವಾಯಿತು, ಕೆಲಸ ಜಾಸ್ತಿ. ನಕ್ಷೆ ಅಲ್ಲೇ ಎಲ್ಲೋ ಇರುತ್ತದೆ, ಸರಿಯಾಗಿ ಹುಡುಕು. ಟ್ರಂಕಿನ ತಳದ ಬಟ್ಟೆ ಎತ್ತಿ ನೋಡಿದೆಯಾ?

ಇಲ್ಲಿ ಹಲ್ಲಿಗಳನ್ನು ಏಳರಿಂದ ಮೂರಕ್ಕೆ ಇಳಿಸಬೇಕೆಂದು ಗಲಾಟೆ ನಡೆಯುತ್ತಿದೆ. ಗ್ರಾಫಿಕ್ಸ್‌ನವರು ಒಂದೊಂದು ಬಾಲಕ್ಕೂ ಗೋಳಾಡುತ್ತಾರೆ. ಅಂದರೆ, ಇವರ ಕಥೆಯಲ್ಲೂ ಹಲ್ಲಿಯಂಥದ್ದೇ ಏನೋ ಇದೆ. ಕಾಕತಾಳೀಯ.

ಇನ್ನೊಂದು ಕೇಳಬೇಕಿತ್ತು. ಉತ್ತರದ ಮೂಲೆಯಲ್ಲಿ "ಇಲ್ಲಿಂದಾಚೆ ಕಾಗದ ಸಾಲದು" ಎಂದು ಬರೆದಿದ್ದೀಯಲ್ಲ, ಅದರ ಪಕ್ಕದ ಸಣ್ಣ ಬಾಣ ಏನನ್ನು ತೋರಿಸುತ್ತದೆ? ಗಿರಣಿಯ ಅಡಿಯಲ್ಲಿ ಯಾರಾದರೂ ಇದ್ದರಾ?

ಈಚೆಗೆ ಗೇಟಿನವನು ನಮ್ಮ ಲಕೋಟೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಆಟದಲ್ಲಿ ನನ್ನ ಕಳ್ಳ ಸೆರೆಮನೆ ಸೇರಿದ್ದು ನೆನಪಾಯಿತು. ಅದೇ, ಇಲಿ, ನೀನು ನನಗೆ ಆ ಹೆಸರು ಅಂಟಿಸಿದ್ದು ಅವನಿಂದಲೇ. ಕಾವಲಿನವರು ಓದಿಯೇ ಚೀಟಿ ಹೊರಗೆ ಬಿಡುತ್ತಿದ್ದರು. ಆಗ ನಾನು ಳ ಬರಬೇಕಾದಲ್ಲೆಲ್ಲ ಬೇಕೆಂದೇ ಲ ಬರೆಯುತ್ತಿದ್ದೆ, ಯಾರೋ ಓದುತ್ತಿದ್ದಾರೆ ಎನ್ನುವುದಕ್ಕೆ ಗುರುತಾಗಿ. ನನ್ನ ದಡ್ಡತನವನ್ನು ಕೆಲಸಕ್ಕೆ ಹಚ್ಚಿದವಳು ನೀನು.

ಬೇಗ ಬರಿ.

ಇಲಿ

&nbsp;

ಫೆಬ್ರವರಿ 22

ನನ್ನ ಮುದ್ದು ತಮ್ಮನಿಗೆ,

ನಿನ್ನ ಕಾಗದ ಓದಿ ತುಂಬ ಸಂತೋಷವಾಯಿತು. ಹಳೆಯದನ್ನು ಇಷ್ಟು ಪ್ರೀತಿಯಿಂದ ಕೇಳುವವರು ನೀನು ಬಿಟ್ಟರೆ ನನಗೆ ಇನ್ಯಾರಿದ್ದಾರೆ? ನಕ್ಷೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ನಾನೇ ಎಲ್ಲೋ ಇಟ್ಟು ಮರೆತಿರಬೇಕು.

ಗಿರಣಿಯ ಅಡಿಯಲ್ಲಿ ಯಾರಿದ್ದರು ಎಂದು ಕೇಳಿದೆ. ಎಂಟನೇ ಹಲ್ಲಿ. ನಿನಗೆ ಗೊತ್ತಿಲ್ಲದಿರುವುದು ಸಹಜ. ಕಾಮಾಲೆಯಾಗಿ ಎರಡು ವಾರ ಮಲಗಿದ್ದೆಯಲ್ಲ, ನಾನೂ ಅವಳಿ ಹುಡುಗಿಯರೂ ಆಡುವಾಗ ಬಂದದ್ದು ಅದು. ಅದಕ್ಕೆ ಬಾಲವಿಲ್ಲ. ಉಳಿದ ಏಳು ಹಲ್ಲಿಗಳು ಯಾರಾದರೂ ನಿಜ ಹೇಳಿದಾಗ ಲೊಚಗುಟ್ಟುತ್ತವೆ, ಇದು ಸುಳ್ಳು ಹೇಳಿದಾಗ ಮಾತ್ರ ಲೊಚಗುಟ್ಟುತ್ತದೆ. ಅದಕ್ಕೇ ಅದನ್ನು ಗಿರಣಿಯ ಕಲ್ಲಿನ ಕೆಳಗೆ ಬಚ್ಚಿಟ್ಟಿದ್ದಾರೆ, ಸದ್ದು ಯಾರಿಗೂ ಕೇಳಿಸಬಾರದೆಂದು. ಬಾಣ ತೋರಿಸುವುದು ಅದರ ಬಿಲವನ್ನೇ.

ನಿನ್ನ ಮೇಡಂಗೆ ಕಥೆ ಬೇಕಿತ್ತಲ್ಲ, ಇದರಲ್ಲಿ ಕಥೆ ಇದೆ ಅನಿಸುತ್ತದೆ. ಸುಮ್ಮನೆ ಹೇಳಿದೆ.

ಆರೋಗ್ಯ ನೋಡಿಕೊ.

ನಿನ್ನ ಪ್ರೀತಿಯ ಅಕ್ಕ

&nbsp;

ಮಾರ್ಚ್ 15

ಅಕ್ಕಾ,

ನಿನ್ನ ಕಾಗದ ತಲುಪಿತು. ಇಲ್ಲಿ ಎಲ್ಲ ಒಲ್ಲೆಯದಾಗಿ ನಡೆಯುತ್ತಿದೆ. ಬೆಲಗ್ಗೆ ಒಂಬತ್ತಕ್ಕೆ ಕೆಲಸ ಶುರು, ಸಂಜೆ ಆರಕ್ಕೆ ಮುಗಿಯುತ್ತದೆ. ಕಂಪನಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಮೇಡಂ ಬಹಲ ಅನುಕೂಲ ಮಾಡಿಕೊಟ್ಟಿದ್ದಾರೆ.

ನೀನು ಹೇಲಿ ಕಲಿಸಿದ ಎಂಟನೆಯವರಿಗೆ ಇಲ್ಲಿ ಜಾಗ ಸಿಕ್ಕಿತು. ಎಲ್ಲರಿಗೂ ಹಿಡಿಸಿದರು.

ಇನ್ನು ಮೇಲೆ ನಾನು ಏನನ್ನೂ ಕೇಲುವುದಿಲ್ಲ. ನೀನೂ ಬರೆಯುವ ತೊಂದರೆ ತೆಗೆದುಕೊಲ್ಲಬೇಡ. ನನ್ನ ಕಾಗದಗಲನ್ನು ಮಾತ್ರ ಜೋಪಾನವಾಗಿ ಇಟ್ಟುಕೊ.

ನಿನ್ನ ತಮ್ಮ

&nbsp;

ಆಗಸ್ಟ್ 3

ಬರಹಗಾರರಿಗೆ,

ನಮಸ್ಕಾರ. ಹದಿನೈದು ದಿನಕ್ಕೊಂದರಂತೆ ಬಂದ ನಿಮ್ಮ ಧಾರಾವಾಹಿಯ ನಾಲ್ಕು ಕಂತುಗಳನ್ನು ನೋಡಿದೆ. ಔಷಧಿ ಅಂಗಡಿಯವರ ಮನೆಯ ದೊಡ್ಡ ಟೀವಿಯಲ್ಲಿ, ಭಾನುವಾರದ ಮೇಜಿನವರೆಲ್ಲ ಕೂತು ನೋಡಿದೆವು. ಉಪ್ಪಿನ ಸೇತುವೆ ಬಂದಾಗ ಕಂಡಕ್ಟರು "ಇದು ನಮ್ದಲ್ವಾ?" ಎಂದರು. ಕಾವಲುಗಾರ ಸುಂಕ ಕೇಳಿದಾಗಲಂತೂ ಅವರೆಲ್ಲ ಪರದೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನಾನೇ ಮಾರಿಕೊಂಡೆ ಎಂದುಕೊಂಡಿದ್ದರೂ ತಪ್ಪಿಲ್ಲ. ಕೊನೆಯಲ್ಲಿ ಸಾಲುಸಾಲು ಹೆಸರು ಬಂತು. "ಮೂಲ ಕಲ್ಪನೆ" ಎಂದಿದ್ದಲ್ಲಿ ಕಂಪನಿಯ ಹೆಸರಿತ್ತು.

ನಾಲ್ಕನೇ ಕಂತಿನಲ್ಲಿ ಗಿರಣಿಯ ಕಲ್ಲು ಎತ್ತಿದರು. ಬಾಲವಿಲ್ಲದ ಹಲ್ಲಿ ಹೊರಗೆ ಬಂತು, ಸುಳ್ಳಿಗೆ ಲೊಚಗುಟ್ಟಿತು. ಆಗ ನಾನು ನಕ್ಕೆ.

ಎಂಟನೇ ಹಲ್ಲಿ ಯಾವತ್ತೂ ಇರಲಿಲ್ಲ, ಸ್ವಾಮಿ. ಅದು ಹುಟ್ಟಿದ್ದು ಫೆಬ್ರವರಿ ಇಪ್ಪತ್ತೆರಡನೇ ತಾರೀಕು, ನನ್ನ ಕೆಲಸದ ಕೋಣೆಯಲ್ಲಿ, ಮೇಣ ಕಾಯಲು ಇಟ್ಟ ಹೊತ್ತಿನಲ್ಲಿ. ಮೂಲೆಯ ಆ ಬಾಣ ಪೆನ್ಸಿಲಿನದು, ಉಗುರಿನಷ್ಟು ಉದ್ದವಿಲ್ಲ. ಸ್ವಂತ ಅಕ್ಕ ಹುಟ್ಟಿದ ದಿನ ನೆನಪಿಲ್ಲದವನಿಗೆ ಅದು ನೆನಪಿರಬೇಕಾದರೆ ನಕ್ಷೆ ಕಣ್ಣ ಮುಂದೆ ಇರಬೇಕು. ಕಚ್ಚಿದ ಗುರುತು ನೋಡಿ ಯಾರ ಹಲ್ಲೆಂದು ಹೇಳುವುದು ನನ್ನ ಕಸುಬು. ಅದಕ್ಕೇ ಕಚ್ಚಲು ಒಂದು ತುಂಡು ಎಸೆದೆ. ಅದೇ ಕಾಗದದ ನಕಲನ್ನು ಅವತ್ತೇ ನನ್ನ ವಿಳಾಸಕ್ಕೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಕೊಂಡಿದ್ದೆ. ಲಕೋಟೆ ಒಡೆಯದೆ ವಕೀಲರ ಹತ್ತಿರ ಇದೆ. ಕಂಪನಿಗೆ ನಿನ್ನೆ ನೋಟಿಸು ಹೋಗಿದೆ. ಅದರಲ್ಲಿ ಮೊದಲ ಹೆಸರು ನಿಮ್ಮದು.

ನಿಮ್ಮ ಕೊನೆಯ ಕಾಗದವನ್ನೂ ಜೊತೆಗೆ ಇಡಬೇಕೆಂದಿದ್ದೆ, ನಾಚಿಕೆಯಾಯಿತು. ಎಲ್ಲರ ಬರಹ ತಿದ್ದುವವರು "ತೆಗೆದುಕೊಲ್ಲಬೇಡ" ಎಂದು ಬರೆದಿದ್ದೀರಿ. ಎಂಟು ವರ್ಷದ ಹುಡುಗನ ತಪ್ಪು ಮೂವತ್ತು ದಾಟಿದ ಮೇಲೆ ಮತ್ತೆ ಬಂತೋ, ಅಥವಾ ನನಗೆ ಬರೆಯುವಾಗ ಒಮ್ಮೆ ತಿರುಗಿ ಓದುವಷ್ಟು ಮರ್ಯಾದೆಯೂ ಉಳಿದಿಲ್ಲವೋ, ನಿಮಗೇ ಗೊತ್ತು.

ಲೋಕ ಹೋಯಿತೆಂದು ನನಗೆ ಅಷ್ಟು ದುಃಖವಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ. ನೀವು ಕೇಳಲಿಲ್ಲ. ಅದಕ್ಕೆ ತುಂಬ ನೋವಾಗಿದೆ.

ಇಂತಿ,
ಹಲ್ಲಿನ ಸೆಟ್ಟು ಮಾಡುವವಳು

&nbsp;

ಆಗಸ್ಟ್ 31

ಅಕ್ಕಾ,

ನೀನು "ನೀವು" ಎಂದದ್ದನ್ನು ನಾಲ್ಕು ಸಲ ಓದಿದೆ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಈಗ ಈ ಕಾಗದವನ್ನು ಯಾರೂ ಓದುತ್ತಿಲ್ಲ. ಕಂಪನಿಯಿಂದ ಹೊರಗೆ ಬಂದು ಎಂಟು ದಿನವಾಯಿತು. ಒಂದು ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ, ಹಗಲು ಇಲ್ಲೇ ಕೆಲಸ.

ನಕ್ಷೆ ತೆಗೆದದ್ದು ನಾನೇ. ಡಿಸೆಂಬರಿನಲ್ಲಿ, ನೀನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ. ಸಂದರ್ಶನದಲ್ಲಿ ತೋರಿಸಿ ಒಂದು ವಾರದಲ್ಲಿ ತಂದಿಡೋಣ ಎಂದುಕೊಂಡಿದ್ದೆ. ಮೇಡಂ ಅದನ್ನು ಗೋಡೆಗೆ ಚುಚ್ಚಿಸಿದರು. ವಾಪಸು ಕೇಳಿದರೆ ಕರಾರಿನ ಹನ್ನೊಂದನೇ ಪುಟ ತೋರಿಸಿದರು, ಕೋಣೆಯೊಳಗೆ ತಂದದ್ದೆಲ್ಲ ಕೋಣೆಯದು ಎಂದಿದೆ. ಎರಡು ಸಲ ಓದಿದ್ದೆ ಎಂದಿದ್ದೆನಲ್ಲ, ಸಹಿ ಮಾಡಿದ ಮೇಲೆ ಓದಿದ್ದು. ಡಬ್ಬದ ಆಟವನ್ನು ಅವರು ನಾನು ಸೇರಿದ ವಾರವೇ ಬದಿಗಿಟ್ಟರು. ಅದೆಲ್ಲ ಗೊತ್ತಿದ್ದೂ ನಿನಗೆ "ಯಾರದೋ ಆಟ" ಎಂದು ಬರೆದೆ. ಅದು ಸುಳ್ಳು. ನಾನು ಬರೆದ ಮೊದಲ ಎರಡು ಕಾಗದಗಳಲ್ಲಿ ನೀನು ಅನುಮಾನಪಟ್ಟದ್ದೆಲ್ಲ ಸರಿ.

ಎರಡನೆಯದನ್ನು ಅಂಚೆಗೆ ಹಾಕಿ ಬಂದ ಮೇಲೆ ನನಗೇ ಅಸಹ್ಯವಾಯಿತು. ಮೇಡಂ ಹತ್ತಿರ ಹೋಗಿ ಇದು ನಮ್ಮಕ್ಕನ ಲೋಕ, ಅವಳ ಹೆಸರು ಹಾಕಿ ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಮಕ್ಕಳು ಬರೆದ ಚಿತ್ರ ಇದು. ತಾರೀಕಿದೆಯಾ, ಸಾಕ್ಷಿ ಇದೆಯಾ? ಇದನ್ನ ನಿಮ್ಮಕ್ಕ ಯಾವಾಗ ಕಟ್ಟಿದ್ರು ಅಂತ ಯಾರು ಹೇಳ್ತಾರೆ?" ಎಂದರು. ಮಾರನೆಯ ದಿನದಿಂದ ನಾನು ಬರೆದ ಕಾಗದವನ್ನು ಗೇಟಿನಲ್ಲಿ ಓದಿ ಕಳಿಸತೊಡಗಿದರು. ಹೊರಗಿನಿಂದ ಬಂದದ್ದನ್ನು ಮುಟ್ಟುತ್ತಿರಲಿಲ್ಲ, ಕಥೆ ಹೊರಗೆ ಹೋಗಬಾರದು ಎನ್ನುವುದಷ್ಟೇ ಅವರ ಚಿಂತೆ.

ಆಗ ನಿನ್ನ ಮುದ್ದಿನ ಕಾಗದ ಬಂತು. "ನನ್ನ ಮುದ್ದು ತಮ್ಮ" ಎಂದು ನೀನು ಜನ್ಮದಲ್ಲಿ ಕರೆದವಳಲ್ಲ, ಅಲ್ಲೇ ಬೋನಿನ ವಾಸನೆ ಬಂತು. ಮುಂದೆ ಎಂಟನೇ ಹಲ್ಲಿ, ಕಾಮಾಲೆಯ ಎರಡು ವಾರ.

ಅಕ್ಕಾ, ಆ ಎರಡು ವಾರ ನೀನು ನನ್ನನ್ನು ಬಿಟ್ಟು ಆಡಲೇ ಇಲ್ಲ. ಅವಳಿ ಹುಡುಗಿಯರನ್ನು ಬಾಗಿಲಿಂದಲೇ ವಾಪಸು ಕಳಿಸಿದೆ. ಮೇಜು ನಾನು ಮಲಗಿದ್ದ ಕೋಣೆಯ ಬಾಗಿಲಲ್ಲಿ ತೂರಲಿಲ್ಲವೆಂದು ಅದರ ಒಂದು ಕಾಲು ಬಿಚ್ಚಿದೆ, ತಿರುಪು ಕಳೆದುಹೋಗಿ ಅಪ್ಪನ ಕೈಯಲ್ಲಿ ಬೈಸಿಕೊಂಡೆ. ನನಗೆ ಕೈ ಎತ್ತಲು ಆಗುತ್ತಿರಲಿಲ್ಲ, ನೀನು ದಾಳವನ್ನು ನನ್ನ ಹೊಟ್ಟೆಯ ಮೇಲೆ ಉರುಳಿಸಿ "ಎಷ್ಟು ಬಿತ್ತು ನೀನೇ ನೋಡು" ಎನ್ನುತ್ತಿದ್ದೆ. ನಾನಿಲ್ಲದ ಆಟ ಒಂದೂ ಇಲ್ಲ. ಹಾಗಾಗಿ ಎಂಟನೇ ಹಲ್ಲಿಯೂ ಇಲ್ಲ. ಅದು ಬೋನಿನೊಳಗಿನ ತುಂಡು ಎಂದು ಮೊದಲ ಸಲ ಓದಿದಾಗಲೇ ಗೊತ್ತಾಯಿತು.

ನಮ್ಮ ಏಳು ಹಲ್ಲಿಗೂ ತಾರೀಕಿಲ್ಲ. ಎಂಟನೆಯದಕ್ಕೆ ಮಾತ್ರ, ನೀನು ಕಳಿಸಿದ ಲಕೋಟೆಯ ಮೇಲೆ, ಅಂಚೆಯ ಮುದ್ರೆಯಿದೆ. ಮೇಡಂ ಕೇಳಿದ ಸಾಕ್ಷಿಯನ್ನು ನೀನೇ ಕಳಿಸಿದ್ದೆ. ಅದಕ್ಕೇ ನಾಲ್ಕನೇ ಕಂತು ಬರೆಯುತ್ತೇನೆಂದು ಹಠ ಹಿಡಿದು, ಅದನ್ನು ಒಂದಕ್ಷರ ಬದಲಿಸದೆ ಸೇರಿಸಿದೆ. ಬೇಕೆಂದೇ ಬೋನಿಗೆ ಹೊಕ್ಕೆ. ಇದನ್ನೆಲ್ಲ ಬರೆಯುವ ಹಾಗಿರಲಿಲ್ಲ. ಮಾರ್ಚ್ ಹದಿನೈದರ ಕಾಗದದ ಳ ಎಲ್ಲ ಎಲ್ಲಿ ಹೋಯಿತೆಂದು ನೀನೊಂದು ಸಲ ಯೋಚಿಸುತ್ತೀಯ ಎಂದುಕೊಂಡಿದ್ದೆ.

ನಿನ್ನ ನೋಟಿಸು ಬಂದಾಗ ಕಂಪನಿಯವರು ಮೊದಲು ಕಾಕತಾಳೀಯ ಎಂದರು, ನನ್ನದೇ ಮಾತು. ಎಲ್ಲವನ್ನೂ ತಂದವನು ನಾನೇ, ಎಲ್ಲವೂ ಅಕ್ಕನದು ಎಂದು ನಾನು ಬರೆದು ಸಹಿ ಹಾಕಿ ನಿನ್ನ ವಕೀಲರಿಗೂ ಕಳಿಸಿದೆ. ಅವತ್ತೇ ಹೊರಗೆ ಹಾಕಿದರು. ಈ ಕಸುಬಿನಲ್ಲಿ ಇನ್ನು ಯಾರೂ ನನ್ನನ್ನು ಕೋಣೆಯೊಳಗೆ ಬಿಡುವುದಿಲ್ಲ. ಆಗಲಿ. ಹಲ್ಲಿಯ ಹಾಗೆ ಹಿಡಿದವರ ಕೈಯಲ್ಲಿ ಬಾಲ ಬಿಟ್ಟು ಬಂದೆ.

ನಂಬು ಎಂದು ಕೇಳುತ್ತಿಲ್ಲ. ನಕ್ಷೆ ತೆಗೆದದ್ದಕ್ಕೆ ಕ್ಷಮೆ ಕೇಳುತ್ತೇನೆ, ಅಷ್ಟೇ. ಹೊರಡುವ ದಿನ ಅದನ್ನು ಗೋಡೆಯಿಂದ ಬಿಚ್ಚಿ ಸುತ್ತಿದವನು ನಾನು. ಅದು ನಿನಗೆ ಬರುತ್ತದೆ.

ನಿನ್ನ ತಮ್ಮ

&nbsp;

ಸೆಪ್ಟೆಂಬರ್ 14

ಇಲಿ,

ನಿನ್ನ ಕಾಗದ ಬಂದ ದಿನ ನಾನು ನಂಬಲಿಲ್ಲ. ಸಿಕ್ಕಿಬಿದ್ದ ಮೇಲೆ ಯಾರು ಬೇಕಾದರೂ "ಬೇಕೆಂದೇ ಸಿಕ್ಕಿಬಿದ್ದೆ" ಎನ್ನಬಹುದು. ನೀನು ಚಿಕ್ಕಂದಿನಲ್ಲಿ ಆಟದಲ್ಲಿ ಬೀಗ ಒಡೆಯಲಾಗದೆ ಸೋತಾಗಲೂ ಹಾಗೇ ಅನ್ನುತ್ತಿದ್ದೆ.

ಮಾರ್ಚಿನ ಕಾಗದ ತೆಗೆದು, ಹಲ್ಲಿನ ಅಚ್ಚಿನ ಮೇಲೆ ಗೆರೆ ಹಾಕುವ ಕೆಂಪು ಪೆನ್ಸಿಲ್ ಹಿಡಿದು ಕೂತೆ. ಪುಟ್ಟ ಕಾಗದದಲ್ಲಿ ಎಂಟು ತಪ್ಪು. ಎಂಟೂ ಳ ಇರಬೇಕಾದ ಕಡೆಯೇ. ಬೇರೆ ಒಂದು ಕೊಂಬೂ ಇಳಿಯೂ ತಪ್ಪಿಲ್ಲ. ಚೀಟಿಗಳ ಗುರುತನ್ನು ನೀನು ಅದರ ಹಿಂದಿನ ಕಾಗದದಲ್ಲೇ ಬರೆದಿದ್ದೆ. ನಾನು ಆ ಬಾಣದ ಸಾಲಿಗೆ ಉರಿದೆದ್ದು ಅದರ ಮುಂದಿನದನ್ನು ಕಣ್ಣಲ್ಲಿ ದಾಟಿಸಿಬಿಟ್ಟಿದ್ದೆ.

ಆದರೂ ಸಮಾಧಾನವಾಗಲಿಲ್ಲ. ಮೇಜನ್ನು ಮಗುಚಿ ಹಾಕಿದೆ. ಮೂರು ಕಾಲಿಗೆ ಹಿತ್ತಾಳೆಯ ತಿರುಪು, ನಾಲ್ಕನೆಯದಕ್ಕೆ ಕಬ್ಬಿಣದ್ದು, ತುಕ್ಕು ಹಿಡಿದಿದೆ. ಇಷ್ಟು ವರ್ಷ ರಟ್ಟು ಕೊಟ್ಟವಳು ನಾನು, ಯಾಕೆ ಕುಂಟುತ್ತದೆ ಎಂದು ಒಂದು ದಿನ ಬಗ್ಗಿ ನೋಡಿರಲಿಲ್ಲ. ನಿನ್ನ ಕಾಮಾಲೆಯನ್ನು ಸುಳ್ಳು ಹೇಳುವುದಕ್ಕೆ ಬಳಸಿಕೊಂಡೆ, ಆ ಎರಡು ವಾರದ ನಿಜ ನನಗೇ ಮರೆತುಹೋಗಿತ್ತು. ನೆಲದ ಮೇಲೆ ಕೂತು ಅತ್ತೆ, ಹೇಳಿಬಿಡುತ್ತೇನೆ.

ಕಂಪನಿಯವರು ಒಪ್ಪಿಕೊಂಡಿದ್ದಾರೆ. ಏಳನೇ ಕಂತಿನಿಂದ ನನ್ನ ಹೆಸರು ಬರುತ್ತದಂತೆ. ನೋಟಿಸಿನಿಂದ ನಿನ್ನ ಹೆಸರು ತೆಗೆಸಲು ಕೇಳಿದೆ. ಹೋದದ್ದು ಹೋಯಿತು, ತೆಗೆಯಲಾಗದು ಎಂದರು ವಕೀಲರು.

ಕಂಪನಿಯಿಂದ ನಕ್ಷೆ ನಿನ್ನೆ ಬಂತು. ಮೂಲೆಗಳಲ್ಲಿ ಮೊಳೆಯ ತೂತು. ಎಂಟನೇ ಹಲ್ಲಿಯನ್ನೂ ಬರೆಸಿದ್ದಾರಾ ಎಂದು ಮೊದಲು ಗಿರಣಿಯ ಅಡಿಯನ್ನೇ ನೋಡಿದೆ. ಅಲ್ಲಿ ಹೊಸ ಇಂಕಿನಲ್ಲಿ, ನಿನ್ನ ಅಕ್ಷರದಲ್ಲಿ, ಎರಡು ಪದ ಇವೆ. "ಎಂಟನೇ ಹಳ್ಳಿ."

ಳ ಸರಿಯಾಗಿದೆ. ಅವಸರಕ್ಕೆ ಬಿದ್ದು ಮತ್ತೆ ತಪ್ಪು ಮಾಡಿದೆಯೋ, ಬೇಕೆಂದೇ ಬರೆದೆಯೋ, ನಾನು ಕೇಳುವುದಿಲ್ಲ. ನಕ್ಷೆಯಲ್ಲಿ ಬರೆದದ್ದು ನಿಜ, ಅಳಿಸುವ ಹಾಗಿಲ್ಲ. ಹಲ್ಲಿಗಳೇ ತುಂಬಿದ್ದ ಆ ನಾಡಿಗೆ ಕೊನೆಗೂ ಒಂದು ಹಳ್ಳಿ ಬಂದಿದೆ, ಅಲ್ಲಿ ಇನ್ನೂ ಒಂದು ಮನೆಯೂ ಇಲ್ಲ.

ಭಾನುವಾರ ಬಾ. ಔಷಧಿ ಅಂಗಡಿಯವರಿಗೂ ಕಂಡಕ್ಟರಿಗೂ ಟೀಚರಿಗೂ ಈ ವಾರ ಆಟವಿಲ್ಲ ಎಂದು ಹೇಳಿದ್ದೇನೆ. ಬರುವಾಗ ಒಂದು ಹಿತ್ತಾಳೆಯ ತಿರುಪು ತಾ.

ಅಕ್ಕ